ಕರೆ ಬಾರದ ತಂಡ

ಸೋತವರನ್ನು ಯಾರೂ ಹಬ್ಬಕ್ಕೆ ಕರೆಯುವುದಿಲ್ಲ; ಇದು ಲೋಕರೂಢಿ. ಆದರೆ ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದ ತಂಡವೊಂದನ್ನು ಯಾರೂ ಕರೆಯದೆ ಹೋದ ಸಂಗತಿಯನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಅದು ನಡೆದದ್ದು 1951ರಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ, ಯೇಸುಸಭೆಯ ಗುರುಗಳು ನಡೆಸುವ ಒಂದು ಸಣ್ಣ ವಿದ್ಯಾಸಂಸ್ಥೆಯಲ್ಲಿ. ಆಟದ ಕಥೆಯೆಂದು ಪುಟ ತಿರುಗಿಸಬೇಡಿರಿ. ಆಟ ಇಲ್ಲಿ ನೆಪಮಾತ್ರವಲ್ಲದಿದ್ದರೂ, ಆ ವರ್ಷ ಆ ಹುಡುಗರ ಮುಂದೆ ಬಂದು ನಿಂತ ಪ್ರಶ್ನೆ ಆಟದ ಮೈದಾನಕ್ಕೆ ಮಾತ್ರ ಸೇರಿದ್ದಲ್ಲ.

ಆ ಸಂಸ್ಥೆಯ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ. 1855ರಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಗುರು ಆಂಟನಿ ಮರಾಸ್ಕಿಯವರು, ಮರಳುದಿಬ್ಬಗಳ ನಡುವೆ ಕಟ್ಟಿದ ಪುಟ್ಟ ಶಾಲೆಯಾಗಿ ಅದನ್ನು ಆರಂಭಿಸಿದರು. ಸಂತ ಇಗ್ನೇಷಿಯಸರ ಹೆಸರನ್ನು ಹೊತ್ತಿದ್ದ ಆ ವಿದ್ಯಾಲಯ 1906ರ ಭೂಕಂಪದ ಬೆನ್ನಿಗೆ ಹಬ್ಬಿದ ಬೆಂಕಿಯಲ್ಲಿ ಸುಟ್ಟುಹೋಯಿತು. ಮತ್ತೆ ಎದ್ದು ನಿಂತಿತು. 1930ರಲ್ಲಿ ಈಗಿನ ಹೆಸರನ್ನು ಪಡೆಯಿತು. ನಮ್ಮ ಕರಾವಳಿಯ ಓದುಗರಿಗೆ ಈ ವೃತ್ತಾಂತದಲ್ಲಿ ಏನೋ ಪರಿಚಿತವಾದುದು ಕಾಣಬಹುದು. ಇಟಲಿಯ ಟ್ಯೂರಿನ್ ಪ್ರಾಂತ್ಯದ ಯೇಸುಸಭೆಯವರು ಕ್ಯಾಲಿಫೋರ್ನಿಯಾಕ್ಕೆ ಹೋದಂತೆಯೇ, ವೆನಿಸ್ ಪ್ರಾಂತ್ಯದವರು 1878ರಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಒಂದೇ ದೇಶದ ಗುರುಗಳು ಭೂಮಿಯ ಎರಡು ಅಂಚುಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಕೆಲಸಕ್ಕೆ ಕೈಹಾಕಿದ್ದರು.

ಇನ್ನು ಆಟದ ವಿಷಯ. ಗುರುಮಠದ ಅಂಗಳದಲ್ಲಿ ನಾವು ಬರಿಗಾಲಿನಲ್ಲಿ ಆಡಿದ ಫುಟ್‌ಬಾಲ್ ಇದಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡು ಉರುಟಾಗಿರುವುದಿಲ್ಲ, ಎರಡೂ ತುದಿ ಚೂಪಾಗಿರುತ್ತದೆ. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನೂರು ಗಜದ ಮೈದಾನದಲ್ಲಿ ಹನ್ನೊಂದು ಮಂದಿ ಚೆಂಡನ್ನು ಹೊತ್ತು ಮುನ್ನುಗ್ಗುತ್ತಾರೆ, ಹನ್ನೊಂದು ಮಂದಿ ಅಡ್ಡಗಟ್ಟಿ ಕೆಡವುತ್ತಾರೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಹೊರಗಿನವರ ಕಣ್ಣಿಗೆ ಅದು ಶಿರಸ್ತ್ರಾಣ ತೊಟ್ಟ ಕುಸ್ತಿಯಂತೆಯೇ ಕಂಡೀತು. ಆದರೆ ಒಬ್ಬನು ಓಡಬೇಕಾದರೆ ಹತ್ತು ಮಂದಿ ಅವನಿಗಾಗಿ ಮೈಯೊಡ್ಡಬೇಕು ಎಂಬುದು ಈ ಆಟದ ಸ್ವಭಾವ. ಇದನ್ನು ನೆನಪಿನಲ್ಲಿಡಿರಿ.

ಈ ಆಟದಲ್ಲಿ ಋತು ಮುಗಿದ ಮೇಲೆ, ಹೊಸವರ್ಷದ ಹೊತ್ತಿಗೆ, ಚಳಿ ಕಡಿಮೆಯಿರುವ ಊರುಗಳಲ್ಲಿ ಆಹ್ವಾನದ ಪಂದ್ಯಗಳು ನಡೆಯುತ್ತವೆ. ಬಟ್ಟಲಿನಾಕಾರದ ಕ್ರೀಡಾಂಗಣಗಳಿಂದಾಗಿ ಅವಕ್ಕೆ 'ಬೌಲ್' ಎಂಬ ಹೆಸರು ಬಂದಿತು. ಆಗ ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಡಲ್ಲಾಸ್‌ನಲ್ಲಿ ಕಾಟನ್ ಬೌಲ್, ಜ್ಯಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್. ಕ್ಯಾಲಿಫೋರ್ನಿಯಾದಲ್ಲೇ ರೋಸ್ ಬೌಲ್ ಇದ್ದರೂ, 1946ರ ಒಪ್ಪಂದದಂತೆ ಅದು ಎರಡು ದೊಡ್ಡ ಒಕ್ಕೂಟಗಳಿಗೆ ಮೀಸಲಾಗಿತ್ತು. ಯಾವ ಒಕ್ಕೂಟಕ್ಕೂ ಸೇರದ ಸಣ್ಣ ಕಾಲೇಜಿಗೆ ಉಳಿದದ್ದು ದಕ್ಷಿಣದ ಊರುಗಳ ಬಾಗಿಲುಗಳೇ. ಅಂಥದೊಂದು ಆಹ್ವಾನ ಬಂದರೆ ಕೀರ್ತಿಯ ಜೊತೆಗೆ ಸಂಸ್ಥೆಗೆ ದೊಡ್ಡ ಮೊತ್ತದ ಹಣವೂ ಬರುತ್ತಿತ್ತು.

1951ರ ಬೇಸಿಗೆಯಲ್ಲಿ ತರಬೇತುದಾರ ಜೋ ಕುಹಾರಿಕ್ ತಮ್ಮ ಹುಡುಗರನ್ನು ಉತ್ತರ ಕ್ಯಾಲಿಫೋರ್ನಿಯಾದ ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ದರು. ಸುಡುಬಿಸಿಲಿನ ಆ ಬಯಲಿನಲ್ಲಿ ಅವರು ಕೊಟ್ಟ ತರಬೇತಿ ಎಷ್ಟು ಕಠಿಣವಾಗಿತ್ತೆಂಬುದನ್ನು ಆಟಗಾರರು ಮುಪ್ಪಿನಲ್ಲಿಯೂ ಮರೆಯಲಿಲ್ಲ. ಕುಹಾರಿಕ್ ಸ್ವತಃ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದವರು. ಶಿಸ್ತಿನ ವಿಷಯದಲ್ಲಿ ರಿಯಾಯಿತಿ ತಿಳಿಯದವರು. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಪೀಟ್ ರೋಜೆಲ್ ಎಂಬ ತರುಣನದು. ಆತನ ಹೆಸರನ್ನೂ ನೆನಪಿನಲ್ಲಿಡಿರಿ.

ತಂಡದಲ್ಲಿ ಯಾರಿದ್ದರು? ಇಟಲಿಯಿಂದ ವಲಸೆ ಬಂದ ಕುಟುಂಬದ ಮಗ ಜೀನೊ ಮಾರ್ಕೆಟ್ಟಿ ಇದ್ದ. ಎರಡನೆಯ ಮಹಾಯುದ್ಧದಲ್ಲಿ ಬಲ್ಜ್ ಕಾಳಗದ ಹಿಮದಲ್ಲಿ ಹೋರಾಡಿ ಬದುಕಿ ಬಂದವನು. ಆರಡಿ ಒಂಬತ್ತಂಗುಲ ಎತ್ತರದ ಬಾಬ್ ಸೇಂಟ್ ಕ್ಲೇರ್ ಇದ್ದ. ಅದೇ ನಗರದ ಹುಡುಗ. ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಎಡ್ ಬ್ರೌನ್ ಇದ್ದ. ಇವರೊಡನೆ ಇಬ್ಬರು ಕಪ್ಪು ಜನಾಂಗದ ತರುಣರು. ಒಬ್ಬ ಓಲಿ ಮ್ಯಾಟ್ಸನ್, ಟೆಕ್ಸಾಸ್‌ನಲ್ಲಿ ಹುಟ್ಟಿದವನು. ಚೆಂಡು ಹಿಡಿದು ಓಡತೊಡಗಿದರೆ ಬೆನ್ನು ಮಾತ್ರ ಕಾಣಿಸುವಂಥವನು. ಇನ್ನೊಬ್ಬ ಬರ್ಲ್ ಟೋಲರ್, ಟೆನೆಸೀಯ ಮೆಂಫಿಸ್‌ನವನು. ಎದುರಾಳಿಯನ್ನು ಅಡ್ಡಗಟ್ಟುವುದರಲ್ಲಿ ಗಟ್ಟಿಗ, ಮಾತಿನಲ್ಲಿ ಮಿತಭಾಷಿ. ಇಬ್ಬರೂ ನಗರದ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ, ಒಟ್ಟಿಗೇ ಇಲ್ಲಿಗೆ ಬಂದಿದ್ದರು.

ಋತು ಆರಂಭವಾಯಿತು. ಸ್ಯಾನ್ ಹೋಸೆ ಸ್ಟೇಟ್ ಕಾಲೇಜನ್ನು ಎರಡು ಬಾರಿ ಸೋಲಿಸಿದರು. ಐಡಹೊ ವಿಶ್ವವಿದ್ಯಾಲಯ, ಕ್ಯಾಂಪ್ ಪೆಂಡಲ್‌ಟನ್‌ನ ನೌಕಾಪದಾತಿಗಳು, ಸ್ಯಾನ್ ಡಿಯಾಗೊ ನೌಕಾನೆಲೆಯ ತಂಡ, ನೆರೆಯ ಸ್ಯಾಂಟ ಕ್ಲಾರ — ಒಂದೊಂದಾಗಿ ಎಲ್ಲವೂ ಸೋತವು. ಅದು ಕೊರಿಯಾ ಯುದ್ಧದ ಕಾಲ. ಸೈನಿಕರ ತಂಡಗಳೂ ಕಾಲೇಜುಗಳೊಡನೆ ಆಡುತ್ತಿದ್ದವು. ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ವಿಶ್ವವಿದ್ಯಾಲಯವನ್ನು 32–26ರಿಂದ ಸೋಲಿಸಿದ್ದು ಆ ಋತುವಿನ ಅತಿ ಬಿಗಿಯಾದ ಪಂದ್ಯ. ಅಂದು ಮ್ಯಾಟ್ಸನ್ ಎದುರಾಳಿ ಒದ್ದ ಚೆಂಡನ್ನು ಹಿಡಿದು, ಒಮ್ಮೆ 94 ಗಜ, ಮತ್ತೊಮ್ಮೆ 90 ಗಜ ಓಡಿ ಗೆರೆ ದಾಟಿದ. ಫೋರ್ಡಮ್ ಕೂಡ ಯೇಸುಸಭೆಯ ಸಂಸ್ಥೆ. ಸ್ಯಾಂಟ ಕ್ಲಾರವೂ ಹಾಗೆಯೇ. ಕೊನೆಯ ಪಂದ್ಯದ ಎದುರಾಳಿ ಲಾಸ್ ಏಂಜಲೀಸ್‌ನ ಲೊಯೊಲಾ ಕೂಡ. ಆ ವರ್ಷ ಸಂತ ಇಗ್ನೇಷಿಯಸರ ಮಕ್ಕಳು ಯಾರನ್ನು ಗೆಲ್ಲಿಸಬೇಕೆಂದು ಪ್ರಾರ್ಥಿಸಿದರೋ ದೇವರೇ ಬಲ್ಲ!

ಬೌಲ್ ಪಂದ್ಯಗಳ ಪ್ರತಿನಿಧಿಗಳ ಕಣ್ಣಿದ್ದುದು ನವೆಂಬರಿನ ಒಂದು ಪಂದ್ಯದ ಮೇಲೆ. ಸ್ಟಾಕ್‌ಟನ್ ಊರಿನ ಕಾಲೇಜ್ ಆಫ್ ದ ಪೆಸಿಫಿಕ್ ತಂಡವೂ ಆ ವರ್ಷ ಬಲಿಷ್ಠವಾಗಿತ್ತು. ಇದನ್ನು ಗೆದ್ದವರಿಗೆ ಕರೆ ಖಂಡಿತ ಎಂಬುದು ಸಾಮಾನ್ಯ ನಂಬಿಕೆ. ಸ್ಯಾನ್ ಫ್ರಾನ್ಸಿಸ್ಕೊದವರು 47–14ರಿಂದ ಗೆದ್ದರು. ಒಂದು ವಾರದ ನಂತರ, ನವೆಂಬರ್ 24ರಂದು, ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಲೊಯೊಲಾ ತಂಡವನ್ನು 20–2ರಿಂದ ಸೋಲಿಸಿ ಋತುವನ್ನು ಮುಗಿಸಿದರು. ಮ್ಯಾಟ್ಸನ್ ಆ ವರ್ಷ ಓಡಿದ್ದು 1,566 ಗಜ, ಪಡೆದದ್ದು 21 ಟಚ್‌ಡೌನ್. ಓಟದಲ್ಲಿ ಇಡೀ ದೇಶದಲ್ಲಿ ಆತನೇ ಮೊದಲಿಗ. ಪತ್ರಕರ್ತರ ಮತದಾನದಲ್ಲಿ ತಂಡಕ್ಕೆ ದೇಶದಲ್ಲಿ ಹದಿನಾಲ್ಕನೆಯ ಸ್ಥಾನ ಸಿಕ್ಕಿತು.

ಕರೆ ಬರಲಿಲ್ಲ.

ಬಂದದ್ದು ಒಂದು ಷರತ್ತು. ಆಟಗಾರರು ಮುಂದೆ ಅನೇಕ ಬಾರಿ ಹೇಳಿಕೊಂಡಂತೆ, ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನು ಮನೆಯಲ್ಲೇ ಬಿಟ್ಟು ಬರುವುದಾದರೆ ಆರೆಂಜ್ ಬೌಲ್‌ನ ಬಾಗಿಲು ತೆರೆಯುತ್ತದೆ ಎಂಬ ಸೂಚನೆ ತರಬೇತುದಾರರಿಗೆ ಮುಟ್ಟಿತ್ತು. ಇಂಥ ಮಾತನ್ನು ಯಾರೂ ಕಾಗದದ ಮೇಲೆ ಬರೆದು ಸಹಿ ಹಾಕಿ ಕಳುಹಿಸುವುದಿಲ್ಲ. ಹೊರಗೆ ಹೇಳಲಾದ ಕಾರಣ ಬೇರೆ: ಈ ತಂಡ ದುರ್ಬಲರೊಡನೆ ಆಡಿ ಗೆದ್ದಿದೆ ಎಂಬುದು. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತೆನ್ನಬೇಕು. ಸೈನಿಕ ನೆಲೆಗಳ ತಂಡಗಳು ಬಲಾಢ್ಯ ಎದುರಾಳಿಗಳಲ್ಲ. ಆದರೆ ಅದೇ ಪೆಸಿಫಿಕ್ ತಂಡ, 47–14ರಿಂದ ಸೋತ ತಂಡ, 1952ರ ಹೊಸವರ್ಷಕ್ಕೆ ಟೆಕ್ಸಾಸ್‌ನ ಎಲ್ ಪಾಸೊ ಊರಿನ ಸನ್ ಬೌಲ್‌ಗೆ ಆಹ್ವಾನಿತವಾಯಿತು! ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಪೆಸಿಫಿಕ್ ತಂಡದಲ್ಲಿ ಎಡ್ಡಿ ಮೇಕನ್ ಎಂಬ ಕಪ್ಪು ಜನಾಂಗದ ಆಟಗಾರನಿದ್ದ, ಸನ್ ಬೌಲ್‌ನಲ್ಲಿ ಆಡಿದ ಮೊದಲ ಕಪ್ಪುವರ್ಣೀಯ ಆತನೇ. ಆದ್ದರಿಂದ ದಕ್ಷಿಣದ ಎಲ್ಲ ಬಾಗಿಲುಗಳೂ ಒಂದೇ ಬಿಗಿತದಲ್ಲಿ ಮುಚ್ಚಿದ್ದವೆಂದು ಹೇಳಲಾಗದು. ಎಲ್ ಪಾಸೊದಲ್ಲಿ ಸಾಧ್ಯವಾದುದು ಮಯಾಮಿಯಲ್ಲಿ ಸಾಧ್ಯವಾಗಲಿಲ್ಲ.

ಆ ಕಾಲದ ಅಮೆರಿಕವನ್ನು ಸ್ವಲ್ಪ ನೆನೆಯಿರಿ. ಬೇಸ್‌ಬಾಲಿನಲ್ಲಿ ಜ್ಯಾಕಿ ರಾಬಿನ್‌ಸನ್ ವರ್ಣದ ಗೆರೆಯನ್ನು ದಾಟಿ ನಾಲ್ಕು ವರ್ಷಗಳಾಗಿದ್ದವು. ಸೈನ್ಯದಲ್ಲಿ ವರ್ಣಭೇದ ಕೊನೆಗೊಳ್ಳಬೇಕೆಂದು ಅಧ್ಯಕ್ಷ ಟ್ರೂಮನ್ 1948ರಲ್ಲಿಯೇ ಆಜ್ಞೆ ಹೊರಡಿಸಿದ್ದರು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಬಸ್ಸು, ಹೋಟೆಲು, ಕುಡಿಯುವ ನೀರಿನ ನಲ್ಲಿ — ಎಲ್ಲವೂ ಇಬ್ಭಾಗವಾಗಿದ್ದವು. ಡಾನ್ಸ್ (ಆ ತಂಡದ ಅಡ್ಡಹೆಸರು ಅದು) ನ್ಯೂಯಾರ್ಕಿಗೆ ಹೋಗಿದ್ದ ಅದೇ ಅಕ್ಟೋಬರಿನಲ್ಲಿ, ಓಕ್ಲಹೋಮಾದ ಸ್ಟಿಲ್‌ವಾಟರ್ ಎಂಬಲ್ಲಿ, ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಜನಾಂಗದ ಆಟಗಾರ ಜಾನಿ ಬ್ರೈಟ್‌ನ ದವಡೆಯನ್ನು ಎದುರಾಳಿಯೊಬ್ಬ ಗುದ್ದಿ ಮುರಿದ. ಚೆಂಡು ಆತನ ಕೈಯಲ್ಲಿ ಇರಲೂ ಇಲ್ಲ. ಆ ಘಟನೆಯ ಛಾಯಾಚಿತ್ರಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಸ್ಯಾನ್ ಫ್ರಾನ್ಸಿಸ್ಕೊದ ಹುಡುಗರು ಏನು ಮಾಡಿದರು? ಹೆಚ್ಚೇನೂ ಮಾಡಲಿಲ್ಲ. ಸಭೆ ಸೇರಿ ವಾದಿಸಲಿಲ್ಲ, ಮತ ಹಾಕಲಿಲ್ಲ, ಹೇಳಿಕೆ ಹೊರಡಿಸಲಿಲ್ಲ. ಇಬ್ಬರನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲವೆಂದರು; ಮಾತು ಅಲ್ಲಿಗೆ ಮುಗಿಯಿತು. ನನ್ನ ಮನಸ್ಸನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದು ಈ ಸರಳತೆಯೇ. ಅವರು ವರ್ಣಭೇದದ ವಿರುದ್ಧ ಹೋರಾಡಲು ಹೊರಟವರಲ್ಲ. ಒಟ್ಟಿಗೆ ಬೆವರು ಸುರಿಸಿ, ಒಂದೇ ಮೇಜಿನಲ್ಲಿ ಉಂಡವರು. ಮ್ಯಾಟ್ಸನ್ ಓಡುವಾಗ ಮುಂದೆ ಮೈಯೊಡ್ಡಿದವರಿಗೆ ಆತ 'ಇಬ್ಬರಲ್ಲಿ ಒಬ್ಬ' ಆಗಿರಲಿಲ್ಲ, ಓಲಿ ಆಗಿದ್ದ.

ನಾವು ಕ್ರೈಸ್ತರು ಇದನ್ನು ಓದಿ ಹೆಮ್ಮೆಪಡುವುದಕ್ಕೆ ಮುನ್ನ ಇನ್ನೊಂದು ಪುಟವನ್ನೂ ತಿರುವಬೇಕಾಗುತ್ತದೆ. ಅದು ಬಾಸ್ಟನ್ ಕಾಲೇಜಿನದು. ಅದೂ ಯೇಸುಸಭೆಯದೇ ಸಂಸ್ಥೆ. ಅಲ್ಲಿ ಲೂ ಮಾಂಟ್ಗೊಮೆರಿ ಎಂಬ ಕಪ್ಪು ಜನಾಂಗದ ತರುಣ ಆಡುತ್ತಿದ್ದ. 1940ರ ಹೊಸವರ್ಷದಂದು ಕಾಟನ್ ಬೌಲ್‌ಗೆ, 1941ರಲ್ಲಿ ಶುಗರ್ ಬೌಲ್‌ಗೆ ಬಾಸ್ಟನ್ ಕಾಲೇಜಿಗೆ ಕರೆ ಬಂದಿತು. ಎರಡು ಬಾರಿಯೂ ಮಾಂಟ್ಗೊಮೆರಿ ಆಡಬಾರದೆಂಬ ಷರತ್ತು ಇತ್ತು. ಕಾಲೇಜು ಎರಡು ಬಾರಿಯೂ ಒಪ್ಪಿತು. ನ್ಯೂ ಆರ್ಲಿಯನ್ಸ್‌ನಲ್ಲಿ ತನ್ನ ತಂಡ ಟೆನೆಸೀಯನ್ನು 19–13ರಿಂದ ಸೋಲಿಸುತ್ತಿದ್ದಾಗ ಆತ ಮೈದಾನದ ಹೊರಗೆ ಕುಳಿತು ನೋಡಿದ. ಅದೇ ಸಭೆ, ಅದೇ ಸುವಾರ್ತೆ, ಅದೇ ಪ್ರಶ್ನೆ. ಉತ್ತರ ಮಾತ್ರ ಬೇರೆ. ಬಾಸ್ಟನ್ ಕಾಲೇಜು ಆತನ ಅಂಗಿಯ ಸಂಖ್ಯೆಯನ್ನು ಗೌರವಪೂರ್ವಕವಾಗಿ ಎತ್ತಿಟ್ಟದ್ದು 2012ರಲ್ಲಿ; ಅಷ್ಟರಲ್ಲಿ ಏಳು ದಶಕಗಳು ಸರಿದಿದ್ದವು.

ಮತ್ತೊಂದು ಪ್ರಸಂಗ 1948ರದು. ಪೆನ್ಸಿಲ್ವೇನಿಯಾದ ಲಫಾಯೆಟ್ ಎಂಬ ಸಣ್ಣ ಕಾಲೇಜಿಗೆ ಸನ್ ಬೌಲ್‌ನಿಂದ ಕರೆ ಬಂದಿತು; ಅದು ಎಡ್ಡಿ ಮೇಕನ್ ಅಲ್ಲಿ ಆಡುವುದಕ್ಕೆ ಮೂರು ವರ್ಷ ಹಿಂದಿನ ಮಾತು. ತಂಡದ ಕಪ್ಪು ಜನಾಂಗದ ಆಟಗಾರ ಡೇವಿಡ್ ಶೋವೆಲ್ ಆಡುವಂತಿಲ್ಲ ಎಂದಾಗ, ಆತನೇ ಮುಂದೆ ಬಂದು, ನನ್ನನ್ನು ಬಿಟ್ಟು ನೀವು ಹೋಗಿ ಎಂದು ಗೆಳೆಯರಿಗೆ ಹೇಳಿದ. ಅಧ್ಯಾಪಕರ ಮಂಡಳಿ ಮಾತ್ರ ಹೋಗಕೂಡದೆಂದು ನಿರ್ಧರಿಸಿತು. ಶೋವೆಲ್‌ನ ಔದಾರ್ಯ ದೊಡ್ಡದೇ. ಆದರೂ ಓದುಗರೇ, ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಹತ್ತು ಮಂದಿಯ ಸಂತೋಷಕ್ಕೆ ಒಬ್ಬರು ತ್ಯಾಗ ಮಾಡಬೇಕಾಗಿ ಬಂದಾಗ, ಆ ಮಾತನ್ನು ನಾವು ಯಾರ ಕಡೆಗೆ ತಿರುಗಿ ಹೇಳುತ್ತೇವೆ? ಈಗಾಗಲೇ ಅನ್ಯಾಯಕ್ಕೆ ಒಳಗಾದವನ ಕಡೆಗೇ ಅಲ್ಲವೇ? ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ, ನಮ್ಮ ಸಂಸ್ಥೆಗಳಲ್ಲಿ, 'ಶಾಂತಿಗಾಗಿ' ಸುಮ್ಮನಿರಲು ಕೇಳಿಕೊಳ್ಳುವುದು ಸಾಮಾನ್ಯವಾಗಿ ಅತ್ಯಂತ ಕಡಿಮೆ ಉಳ್ಳವನನ್ನೇ. 1951ರ ತಂಡದಲ್ಲಿ ಆ ಮಾತನ್ನಾಡುವ ಹೊರೆ ಮ್ಯಾಟ್ಸನ್ ಮತ್ತು ಟೋಲರ್ ಮೇಲೆ ಬೀಳಲಿಲ್ಲ. ಉಳಿದವರು ಅದಕ್ಕೆ ಎಡೆಗೊಡಲಿಲ್ಲ.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕಾಲೇಜಿನ ಫುಟ್‌ಬಾಲ್ ವಿಭಾಗ ಸಾಲದಲ್ಲಿ ಮುಳುಗಿತ್ತು. ಗೋಲ್ಡನ್ ಗೇಟ್ ಉದ್ಯಾನದ ಅಂಚಿನಲ್ಲಿದ್ದ ಕೇಜರ್ ಕ್ರೀಡಾಂಗಣ ಐವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವಂಥದು. ಆದರೆ ಅದೇ ಮೈದಾನದಲ್ಲಿ ನಗರದ ವೃತ್ತಿಪರ ತಂಡ ಫಾರ್ಟಿನೈನರ್ಸ್ 1946ರಿಂದ ಆಡುತ್ತಿದ್ದುದರಿಂದ ಜನ ಅತ್ತ ಹರಿಯುತ್ತಿದ್ದರು. ಬೌಲ್ ಪಂದ್ಯದ ಹಣವೊಂದೇ ಉಳಿದ ಆಸೆ. ಅದು ಬಾರದೆ, ಋತು ಮುಗಿದ ಕೆಲವೇ ವಾರಗಳಲ್ಲಿ ಸಂಸ್ಥೆ ಫುಟ್‌ಬಾಲನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಸೋಲರಿಯದ ತಂಡ ಸೋಲರಿಯದೆಯೇ ಇಲ್ಲವಾಯಿತು. ಇನ್ನೂ ಓದು ಮುಗಿಯದಿದ್ದ ಸೇಂಟ್ ಕ್ಲೇರ್ ತನ್ನ ಊರನ್ನೇ ಬಿಟ್ಟು ಓಕ್ಲಹೋಮಾದ ಟಲ್ಸಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು.

ಒಂದು ಬೌಲ್ ಪಂದ್ಯದ ಹಣ ಆ ವಿಭಾಗವನ್ನು ಬಹುಕಾಲ ಉಳಿಸುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಆ ವರ್ಷಗಳಲ್ಲಿ ಆಕ್ರಮಣಕ್ಕೊಂದು, ರಕ್ಷಣೆಗೊಂದು ಎಂದು ಎರಡೆರಡು ತಂಡ ಸಾಕುವ ಪದ್ಧತಿ ಬಂದು ಖರ್ಚು ಏರಿತ್ತು. ಮನೆಮನೆಗೆ ಟೆಲಿವಿಷನ್ ಬರತೊಡಗಿತ್ತು. ಜಾರ್ಜ್‌ಟೌನ್, ಸೇಂಟ್ ಮೇರೀಸ್, ಲೊಯೊಲಾ, ಸ್ಯಾಂಟ ಕ್ಲಾರ, ಫೋರ್ಡಮ್ — ಹೀಗೆ ಕಥೋಲಿಕ ಕಾಲೇಜುಗಳು ಒಂದರ ಹಿಂದೊಂದು 1950ರಿಂದ 1954ರ ನಡುವೆ ದೊಡ್ಡ ಮಟ್ಟದ ಫುಟ್‌ಬಾಲನ್ನು ಕೈಬಿಟ್ಟವು. ಆದರೆ ಹುಡುಗರಿಗೆ ಈ ಲೆಕ್ಕಾಚಾರ ತಿಳಿದಿರಲಿಲ್ಲ. ಹೋಗಿದ್ದರೆ ಉಳಿಯುತ್ತಿದ್ದೆವು ಎಂದೇ ಅವರು ನಂಬಿದ್ದರು. ಹಾಗೆ ನಂಬಿಯೂ ಅವರು ಹೋಗಲಿಲ್ಲ.

ಮುಂದಿನದು ಬೇಗ ಹೇಳಬಹುದಾದ ಮಾತು. ತಂಡದ ಒಂಬತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವೃತ್ತಿಪರ ಫುಟ್‌ಬಾಲಿಗೆ ಹೋದರು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇ ಓಟದಲ್ಲಿ ಬೆಳ್ಳಿ ಪಡೆದ. 1959ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಆತನೊಬ್ಬನಿಗಾಗಿ ಒಂಬತ್ತು ಆಟಗಾರರ ಲೆಕ್ಕ ಕೊಟ್ಟಿತು! ಆತನೂ ಮಾರ್ಕೆಟ್ಟಿಯೂ 1972ರಲ್ಲಿ, ಸೇಂಟ್ ಕ್ಲೇರ್ 1990ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರವನ್ನು ಸೇರಿದರು. ಸುದ್ದಿ ಹಂಚುತ್ತಿದ್ದ ಪೀಟ್ ರೋಜೆಲ್ 1960ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಆಯುಕ್ತನಾಗಿ, 1989ರವರೆಗೆ ಅದನ್ನು ನಡೆಸಿದ. ಅದೇ ಯೇಸುಸಭೆಯ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಬಿಲ್ ರಸೆಲ್ ಮತ್ತು ಕೆ. ಸಿ. ಜೋನ್ಸ್ ಎಂಬ ಕಪ್ಪು ಜನಾಂಗದ ಆಟಗಾರರೊಡನೆ 1955 ಮತ್ತು 1956ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1956ರ ಜನವರಿಯಲ್ಲಿಯೇ, ಜಾರ್ಜಿಯಾದ ರಾಜ್ಯಪಾಲರ ವಿರೋಧವನ್ನೂ ಮೀರಿ, ಪಿಟ್ಸ್‌ಬರ್ಗ್ ತಂಡದ ಬಾಬಿ ಗ್ರಿಯರ್ ಶುಗರ್ ಬೌಲ್‌ನಲ್ಲಿ ಆಡಿದ.

ಬರ್ಲ್ ಟೋಲರ್‌ಗೆ ಮಾತ್ರ ವೃತ್ತಿಪರ ಮೈದಾನ ದಕ್ಕಲಿಲ್ಲ. ಕ್ಲೀವ್‌ಲ್ಯಾಂಡ್ ತಂಡ ಆತನನ್ನು ಆರಿಸಿಕೊಂಡಿತ್ತು; ಆದರೆ 1952ರ ಬೇಸಿಗೆಯಲ್ಲಿ, ಕಾಲೇಜು ಆಟಗಾರರ ಪ್ರದರ್ಶನ ಪಂದ್ಯದಲ್ಲಿ ಮೊಣಕಾಲು ಮುರಿದು ಆಟದ ಬದುಕೇ ಮುಗಿಯಿತು. ಆತ ಶಾಲಾ ಅಧ್ಯಾಪಕನಾದ. ಬೆಂಜಮಿನ್ ಫ್ರಾಂಕ್ಲಿನ್ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಮತ್ತು ವ್ಯಾಯಾಮ ಕಲಿಸಿ, ಸ್ಯಾನ್ ಫ್ರಾನ್ಸಿಸ್ಕೊದ ಪ್ರೌಢ ಹಂತದ ಶಾಲೆಗಳಲ್ಲಿ ಕಪ್ಪು ಜನಾಂಗದ ಮೊದಲ ಮುಖ್ಯೋಪಾಧ್ಯಾಯನಾದ. 1965ರಲ್ಲಿ, ರೋಜೆಲ್ ಆಯುಕ್ತನಾಗಿದ್ದಾಗ, ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೊದಲ ಕಪ್ಪುವರ್ಣೀಯ ತೀರ್ಪುಗಾರನಾಗಿ ಮೈದಾನಕ್ಕೆ ಮರಳಿದ. ವಾರದ ದಿನಗಳಲ್ಲಿ ಶಾಲೆ, ಭಾನುವಾರ ಸೀಟಿ. ಹೀಗೆ ಇಪ್ಪತ್ತೈದು ಋತುಗಳು. 1980ರ ಜನವರಿಯಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಜನರ ಮುಂದೆ ಸೂಪರ್ ಬೌಲ್ ಪಂದ್ಯದಲ್ಲಿ ಆತ ತೀರ್ಪುಗಾರರಲ್ಲಿ ಒಬ್ಬನಾಗಿ ನಿಂತ. ಆ ಪಂದ್ಯ ನಡೆದದ್ದು ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ, 1951ರ ನವೆಂಬರಿನಲ್ಲಿ ಆತನ ತಂಡ ಕೊನೆಯ ಬಾರಿ ಆಡಿದ್ದ ಅದೇ ಹುಲ್ಲಿನ ಮೇಲೆ.

2006ರಲ್ಲಿ ವಿಶ್ವವಿದ್ಯಾಲಯ ಆ ತಂಡದ ಸದಸ್ಯರಿಗೆ ಗೌರವ ಡಾಕ್ಟರೇಟ್ ನೀಡಿತು. 2008ರ ಹೊಸವರ್ಷದಲ್ಲಿ ಅರಿಜೋನಾದ ಫಿಯೆಸ್ಟಾ ಬೌಲ್ ಅವರನ್ನು ಕರೆದು ಸನ್ಮಾನಿಸಿತು. ಐವತ್ತಾರು ವರ್ಷ ತಡವಾಗಿ ಬಂದ ಕರೆ. ಮರುವರ್ಷ ಟೋಲರ್ ತೀರಿಕೊಂಡರು. ಮ್ಯಾಟ್ಸನ್ 2011ರಲ್ಲಿ, ಸೇಂಟ್ ಕ್ಲೇರ್ 2015ರಲ್ಲಿ, ಮಾರ್ಕೆಟ್ಟಿ 2019ರಲ್ಲಿ.

ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ದೊಡ್ಡ ವಿದ್ಯಾರ್ಥಿನಿಲಯವಿದೆ. ಬಹುಕಾಲ ಅದಕ್ಕೆ ಜೇಮ್ಸ್ ಫೀಲನ್ ಅವರ ಹೆಸರಿತ್ತು. ಫೀಲನ್ ಅದೇ ಸಂತ ಇಗ್ನೇಷಿಯಸ್ ಕಾಲೇಜಿನಲ್ಲಿ ಓದಿದವರು, ನಗರದ ಮೇಯರ್ ಮತ್ತು ಸೆನೆಟ್ ಸದಸ್ಯರಾಗಿದ್ದವರು. ಕ್ಯಾಲಿಫೋರ್ನಿಯಾ ಬಿಳಿಯರದಾಗಿಯೇ ಉಳಿಯಬೇಕೆಂಬ ಘೋಷಣೆಯೊಡನೆ 1920ರ ಚುನಾವಣೆಗೆ ನಿಂತವರು. ವಿದ್ಯಾರ್ಥಿಗಳು ಆಕ್ಷೇಪವೆತ್ತಿದರು. 2017ರಲ್ಲಿ ಆ ಹೆಸರನ್ನು ತೆಗೆದು ಬರ್ಲ್ ಟೋಲರ್ ಅವರ ಹೆಸರನ್ನು ಇಟ್ಟರು. ಈಗ ಅಲ್ಲಿಗೆ ಓದಲು ಬರುವ ಮಕ್ಕಳು, ತಮ್ಮ ಹಾಸಿಗೆ ಪೆಟ್ಟಿಗೆಗಳನ್ನು ಹೊತ್ತುಕೊಂಡು, ಟೋಲರ್ ಹಾಲ್ ಯಾವ ಕಡೆ ಎಂದು ಕೇಳುತ್ತಾ ಒಳಗೆ ಹೋಗುತ್ತಾರೆ.